ಕೈ ಹಿಡಿದ ಗಳಿಗೆ, ಕಾಗದದ ಗಳಿಗೆ

1976ರ ಮೇ 1ರ ರಾತ್ರಿ ಬೆಂಗಳೂರಿನ ರಿಚ್ಮಂಡ್ ಟೌನಿನ ಮನೆಯೊಂದಕ್ಕೆ ಪೊಲೀಸರು ಬಂದರು. ಅವರಿಗೆ ಬೇಕಾಗಿದ್ದವರು ಜಾರ್ಜ್ ಫರ್ನಾಂಡಿಸ್. ತುರ್ತು ಪರಿಸ್ಥಿತಿ ಘೋಷಣೆಯಾದಂದಿನಿಂದ ಭೂಗತರಾಗಿದ್ದ ಆ ಕಾರ್ಮಿಕ ನಾಯಕ ಹತ್ತು ತಿಂಗಳು ಕಳೆದರೂ ಸಿಕ್ಕಿರಲಿಲ್ಲ. ಮನೆಯಲ್ಲಿ ಸಿಕ್ಕಿದ್ದು ಅವರ ತಮ್ಮ ಲಾರೆನ್ಸ್. ಅಣ್ಣನ ಸುಳಿವು ಕೇಳಿ ಅವರನ್ನು ಕರೆದೊಯ್ದರು. ಮುಂದೇನಾಯಿತು ಎಂಬುದನ್ನು ತಾಯಿ ಆಲಿಸ್ ಫರ್ನಾಂಡಿಸ್ ರಾಷ್ಟ್ರಪತಿಗೆ ಬರೆದ ಪತ್ರದಲ್ಲಿ ವಿವರಿಸಿದ್ದಾರೆ. ನಡುರಾತ್ರಿ ಕಳೆದರೂ ನಿಲ್ಲದ ಲಾಠಿ ಏಟು, ಬೂಟುಗಾಲಿನ ಒದೆತ, ನೀರಿಗೂ ಬೇಡಿಕೊಳ್ಳಬೇಕಾದ ಸ್ಥಿತಿ. ಗಟ್ಟಿಮುಟ್ಟಾಗಿ ನಡೆದು ಹೋಗಿದ್ದ ಮಗನನ್ನು ಆ ತಾಯಿ ಮತ್ತೆ ಕಂಡಾಗ ಆತ ಇನ್ನೊಬ್ಬರ ಆಸರೆಯಿಲ್ಲದೆ ನಿಲ್ಲಲಾರದವನಾಗಿದ್ದ.

ಪೊಲೀಸ್ ದಾಖಲೆ ಹೇಳಿದ್ದು ಬೇರೆಯದೇ ಕತೆ. ಅದರ ಪ್ರಕಾರ ಲಾರೆನ್ಸ್ ಬಂಧನವಾದದ್ದು ಬೆಂಗಳೂರಿನಲ್ಲಲ್ಲ, ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ. ಅದೂ ಮೇ 1ರಂದಲ್ಲ, ವಾರ ಕಳೆದ ಮೇಲೆ.

ನಡುವಿನ ಆ ದಿನಗಳಲ್ಲಿ ಲಾರೆನ್ಸ್ ಎಲ್ಲಿದ್ದರು? ಸರ್ಕಾರದ ಕಾಗದವನ್ನು ನಂಬುವುದಾದರೆ ಅವರು ಯಾರ ವಶದಲ್ಲೂ ಇರಲಿಲ್ಲ. ಬಂಧನವೇ ಆಗಿಲ್ಲದ ಮೇಲೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಮಾತೆಲ್ಲಿ ಬಂತು? ವಕೀಲರು ಯಾರನ್ನು ನೋಡಲು ಹೋಗಬೇಕು? ಮೈಮೇಲಿನ ಬಾಸುಂಡೆಗೆ ಯಾರನ್ನು ಹೊಣೆ ಮಾಡಬೇಕು? ಬಂಧಿತನ ಹಕ್ಕುಗಳ ಬಗ್ಗೆ ಓದಲು ಕುಳಿತಾಗಲೆಲ್ಲ ನನ್ನ ಮನಸ್ಸು ಕಾಗದದಲ್ಲಿಲ್ಲದ ಆ ದಿನಗಳ ಹತ್ತಿರ ಹೋಗಿ ನಿಲ್ಲುತ್ತದೆ. ನಮ್ಮ ದೇಶದಲ್ಲಿ ಈ ಹಕ್ಕುಗಳ ಚರಿತ್ರೆಯೆಂದರೆ ಬಹುಪಾಲು ಅಂಥ ದಿನಗಳನ್ನು, ಅಂಥ ಗಂಟೆಗಳನ್ನು ಕಾಗದದ ಮೇಲೆ ತರಲು ನಡೆದ ಜಗ್ಗಾಟದ ಚರಿತ್ರೆ.

ನಮ್ಮ ಠಾಣೆ, ಕಚೇರಿಗಳಲ್ಲಿ ಬಂಧನಕ್ಕೆ ಇಂದಿಗೂ 'ದಸ್ತಗಿರಿ' ಎನ್ನುತ್ತಾರೆ. ಫಾರ್ಸಿಯಿಂದ ಬಂದ ಮಾತು ಅದು. ದಸ್ತ್ ಎಂದರೆ ಕೈ. ಕೈ ಹಿಡಿಯುವುದೇ ದಸ್ತಗಿರಿ. ಕಾನೂನು ಕೂಡ ಇದನ್ನೇ ಹೇಳುತ್ತದೆ. ಪೊಲೀಸ್ ಅಧಿಕಾರಿ ಒಬ್ಬನ ಮೈಯನ್ನು ಮುಟ್ಟಿದಾಗ ಅಥವಾ ಅವನನ್ನು ತಡೆದು ನಿಲ್ಲಿಸಿದಾಗ, ಇಲ್ಲವೇ ಅವನೇ ಮಾತಿನಿಂದಲೋ ನಡತೆಯಿಂದಲೋ ಶರಣಾದಾಗ ಬಂಧನವಾಯಿತು. ರಿಜಿಸ್ಟರಿನಲ್ಲಿ ಬರೆದಾಗ ಅಲ್ಲ. ಆದರೆ ನ್ಯಾಯಾಲಯದ ಕಣ್ಣಿಗೆ ಬೀಳುವುದು ರಿಜಿಸ್ಟರು ಮಾತ್ರ. ಕೈ ಹಿಡಿದ ಗಳಿಗೆಗೂ ಕಾಗದದ ಗಳಿಗೆಗೂ ನಡುವೆ ಸಂದು ಬಿಟ್ಟರೆ ಆ ಸಂದಿನೊಳಗೆ ಏನು ಬೇಕಾದರೂ ನಡೆದುಹೋಗುತ್ತದೆ.

ಈ ಸಂದು ಬ್ರಿಟಿಷರ ಕಾಲದಿಂದಲೂ ಇದ್ದದ್ದೇ. 1855ರಲ್ಲಿ ಮದ್ರಾಸಿನಲ್ಲಿ ಮೂವರು ಸದಸ್ಯರ ಆಯೋಗವೊಂದು ವರದಿ ಕೊಟ್ಟಿತು. ಎಲಿಯಟ್, ಸ್ಟೋಕ್ಸ್ ಮತ್ತು ಜಾನ್ ಬ್ರೂಸ್ ನಾರ್ಟನ್ ಅದರ ಸದಸ್ಯರು. ಮದ್ರಾಸ್ ಪ್ರಾಂತ್ಯದಲ್ಲಿ ಕಂದಾಯ ವಸೂಲಿಗೆ, ತಪ್ಪೊಪ್ಪಿಸುವುದಕ್ಕೆ ಚಿತ್ರಹಿಂಸೆ ಕೊಡುತ್ತಾರೆಯೇ ಎಂದು ತಿಳಿಯುವುದು ಅವರ ಕೆಲಸ. ನಮ್ಮ ಕೆನರಾ, ಬಳ್ಳಾರಿ ಜಿಲ್ಲೆಗಳೂ ಆಗ ಆ ಪ್ರಾಂತ್ಯದಲ್ಲೇ ಇದ್ದವು. ಕೆಲವೇ ತಿಂಗಳುಗಳಲ್ಲಿ 1,959 ದೂರುಗಳು ಬಂದವು. ದಿನಗಟ್ಟಲೆ ನಡೆದು ಬಂದು ಹೇಳಿಕೊಂಡವರಿದ್ದರು. ಬೆರಳುಗಳನ್ನು ಮರದ ಪಟ್ಟಿಗಳ ನಡುವೆ ಹಿಡಿದು ಅದುಮುವ 'ಕಿಟ್ಟಿ', ಕುತ್ತಿಗೆಗೆ ಹಗ್ಗ ಬಿಗಿದು ಅದರ ಇನ್ನೊಂದು ತುದಿಯನ್ನು ಕಾಲ್ಬೆರಳಿಗೆ ಕಟ್ಟಿ ಸುಡುಬಿಸಿಲಿನಲ್ಲಿ ಬಗ್ಗಿಸಿ ನಿಲ್ಲಿಸುವುದು ಮುಂತಾದವನ್ನೆಲ್ಲ ಆ ವರದಿ ಒಂದೊಂದಾಗಿ ಬರೆದಿಟ್ಟಿತು. ಎರಡು ವರ್ಷದ ಬಳಿಕ ಕಾರ್ಲ್ ಮಾರ್ಕ್ಸ್ ಇದೇ ವರದಿಯನ್ನು ಮುಂದಿಟ್ಟುಕೊಂಡು ನ್ಯೂಯಾರ್ಕಿನ ಪತ್ರಿಕೆಗೆ ಲೇಖನ ಬರೆದ.

ಆಗ ತಾಲ್ಲೂಕಿನಲ್ಲಿ ಕಂದಾಯ ಕೇಳುವವನೂ ತಹಸೀಲ್ದಾರನೇ, ಪೊಲೀಸರ ಒಡೆಯನೂ ಅವನೇ. ಹಿಡಿಯುವವನು, ಹೊಡೆಯುವವನು, ಬರೆಯುವವನು ಎಲ್ಲ ಒಬ್ಬನೇ ಆಗಿದ್ದ. 1859ರಲ್ಲಿ ಮದ್ರಾಸಿಗೆ ಪ್ರತ್ಯೇಕ ಪೊಲೀಸ್ ಕಾಯ್ದೆ ಬಂದು ಈ ಕೆಲಸಗಳು ಬೇರೆಯಾದವು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಕೂಡದು ಎಂಬ ನಿಯಮ 1861ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಬಂತು; ಅಲ್ಲಿಂದ 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಮಿಗೆ ಹೋಯಿತು. ತಮ್ಮದೇ ಪೊಲೀಸರ ಮಾತನ್ನು ಆಳುವವರೇ ನಂಬಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಯಾರನ್ನೂ 24 ಗಂಟೆಗಿಂತ ಹೆಚ್ಚು ಹೊತ್ತು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂಬುದು 1898ರ ಸಂಹಿತೆಯ 61ನೇ ಕಲಂ. ಆದರೆ ಇವೆಲ್ಲ ಬರೀ ಕಾಯ್ದೆಗಳು. ಆಳುವವರು ಬರೆದದ್ದನ್ನು ಆಳುವವರೇ ಅಳಿಸಬಹುದಿತ್ತು. ಸ್ವಾತಂತ್ರ್ಯಕ್ಕಾಗಿ ಜೈಲಿಗೆ ಹೋದ ಸಾವಿರಾರು ಜನ ಇದನ್ನು ಅನುಭವಿಸಿಯೇ ತಿಳಿದಿದ್ದರು. ಸ್ವತಂತ್ರ ಭಾರತದ ಸಂವಿಧಾನ ಸಭೆಯಲ್ಲಿ ಅಂಥವರು ಬಹಳ ಮಂದಿ ಇದ್ದರು.

ಇಲ್ಲಿಗೆ ಕತೆಯೊಳಗೆ ಮಂಗಳೂರಿನವರೊಬ್ಬರು ಬರುತ್ತಾರೆ. ಬೆನಗಲ್ ನರಸಿಂಗ ರಾವ್, ಸಂವಿಧಾನ ಸಭೆಯ ಸಲಹೆಗಾರರು. 1947ರ ಕೊನೆಯಲ್ಲಿ ಅವರು ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿ ಅಲ್ಲಿನ ನ್ಯಾಯವೇತ್ತರೊಡನೆ ಚರ್ಚಿಸಿ ಬಂದರು. ಯಾರ ಜೀವವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಕಸಿಯಬೇಕಾದರೆ ನ್ಯಾಯಬದ್ಧವಾದ ಕ್ರಮವನ್ನೇ ಅನುಸರಿಸಬೇಕು ಎಂಬರ್ಥದ ಮಾತು ಆಗ ಕರಡಿನಲ್ಲಿತ್ತು. ಅದು ಅಮೆರಿಕದ ಸಂವಿಧಾನದಿಂದ ತಂದದ್ದು. ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಮಾತ್ರ ಆ ಮಾತು ಬೇಡ ಎಂದರು. ಚುನಾಯಿತ ಶಾಸಕಾಂಗದ ಮೇಲೆ ಕೆಲವೇ ನ್ಯಾಯಾಧೀಶರಿಗೆ ಅಷ್ಟು ದೊಡ್ಡ ಅಧಿಕಾರ ಕೊಟ್ಟಂತಾಗುತ್ತದೆ ಎಂಬುದು ಅವರ ವಾದ. ರಾಯರು ಒಪ್ಪಿದರು, ಕರಡು ಸಮಿತಿಯನ್ನೂ ಒಪ್ಪಿಸಿದರು. 'ಕಾನೂನು ಗೊತ್ತುಪಡಿಸಿದ ಕ್ರಮ' ಎಂಬ ಮಾತು ಅದರ ಜಾಗಕ್ಕೆ ಬಂತು. ಅಂದರೆ ಶಾಸಕಾಂಗ ಎಂಥ ಕಾನೂನು ಮಾಡಿದರೂ ಆಯಿತು. ಅದು ನ್ಯಾಯವಾದದ್ದೇ ಎಂದು ಕೇಳುವಂತಿಲ್ಲ. ಬೆನಗಲ್ ರಾಯರ ಪಾಂಡಿತ್ಯದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ಈ ಒಂದು ತಿದ್ದುಪಡಿಗೆ ದೇಶ ತೆತ್ತ ಬೆಲೆ ದೊಡ್ಡದು ಎಂದೇ ನನ್ನ ತೀರ್ಮಾನ.

ಸಭೆಯ ಹೊರಗೂ ಒಳಗೂ ಇದಕ್ಕೆ ಕಟುವಾದ ಟೀಕೆ ಬಂತು. ಆ ಟೀಕೆಗೆ ಉತ್ತರವಾಗಿ 1949ರ ಸೆಪ್ಟೆಂಬರ್ 15ರಂದು ಅಂಬೇಡ್ಕರ್ ಹೊಸದೊಂದು ವಿಧಿಯನ್ನು ಮಂಡಿಸಿದರು. ಕರಡಿನಲ್ಲಿ ಅದರ ಸಂಖ್ಯೆ 15ಎ, ಈಗಿನ ಸಂವಿಧಾನದಲ್ಲಿ 22. ಹಿಂದೆ ಕಳೆದುಕೊಂಡದ್ದನ್ನು ಸ್ವಲ್ಪಮಟ್ಟಿಗಾದರೂ ತುಂಬಿಕೊಡುವುದು ಇದರ ಉದ್ದೇಶ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಬಂಧಿಸಿದವನಿಗೆ ಆದಷ್ಟು ಬೇಗ ಕಾರಣ ತಿಳಿಸಬೇಕು. ಅವನು ತನಗೆ ಬೇಕಾದ ವಕೀಲರೊಡನೆ ಸಮಾಲೋಚಿಸುವುದನ್ನು ತಡೆಯಬಾರದು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಹಳೆಯ ಸಂಹಿತೆಯ ಕಲಂ ಮೂಲಭೂತ ಹಕ್ಕಾಗಿ ಎದ್ದು ನಿಂತದ್ದು ಹೀಗೆ. ಇನ್ನು ಅದನ್ನು ಯಾವ ಶಾಸಕಾಂಗವೂ ಸುಮ್ಮನೆ ಅಳಿಸಲಾರದು.

ಆದರೆ ಅದೇ ವಿಧಿಯ ಉತ್ತರಾರ್ಧದಲ್ಲಿ ಮುಂಜಾಗ್ರತಾ ಬಂಧನಕ್ಕೆ ಬಾಗಿಲು ತೆರೆದಿತ್ತು. ಅಪರಾಧ ಮಾಡಿದ್ದಕ್ಕಲ್ಲ, ಮಾಡಬಹುದೆಂಬ ಗುಮಾನಿಗೆ ಹಿಡಿದಿಡುವುದು. ಹಾಗೆ ಹಿಡಿದವರಿಗೆ ಈ 24 ಗಂಟೆಯೂ ಇಲ್ಲ, ವಕೀಲರೂ ಇಲ್ಲ. ಹಿಂದೆ ಲಾಹೋರಿನಲ್ಲಿ ನ್ಯಾಯಾಧೀಶರಾಗಿದ್ದ ಬಕ್ಷಿ ಟೇಕ್ ಚಂದ್ ಇದನ್ನು ಉಗ್ರವಾಗಿ ವಿರೋಧಿಸಿದರು. ಜೈಲು ಕಂಡಿದ್ದ ಮಹಾವೀರ ತ್ಯಾಗಿ, ಕರಡು ಬರೆದವರಿಗೂ ಸೆರೆವಾಸದ ಅನುಭವವಿದ್ದಿದ್ದರೆ ಚೆನ್ನಿತ್ತು ಎಂದು ನೊಂದು ನುಡಿದರು. ಮರುದಿನ ವಿಧಿ ಅಂಗೀಕಾರವಾಯಿತು.

ಸಂವಿಧಾನ ಜಾರಿಯಾಗಿ ಒಂದೇ ತಿಂಗಳಿಗೆ ಮುಂಜಾಗ್ರತಾ ಬಂಧನ ಕಾಯ್ದೆ ಬಂತು. ಅದರಡಿ ಬಂಧಿತರಾದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಸುಪ್ರೀಂ ಕೋರ್ಟಿಗೆ ಹೋದರು. ಕಾನೂನು ಇದ್ದರಾಯಿತು, ಅದು ನ್ಯಾಯಸಮ್ಮತವೇ ಎಂದು ಅಳೆಯುವುದು ತನ್ನ ಕೆಲಸವಲ್ಲ ಎಂದು ಕೋರ್ಟು 1950ರಲ್ಲೇ ಹೇಳಿಬಿಟ್ಟಿತು. ತೆರೆದಿಟ್ಟ ಆ ಬಾಗಿಲಿನಿಂದಲೇ ಕಾಲು ಶತಮಾನದ ಬಳಿಕ 1975 ಒಳನುಗ್ಗಿತು.

ತುರ್ತು ಪರಿಸ್ಥಿತಿ ಘೋಷಣೆಯಾದ ಆ ವರ್ಷದ ಜೂನ್ 26ರ ಬೆಳಿಗ್ಗೆ ಬೆಂಗಳೂರಿನಲ್ಲಿ ವಾಜಪೇಯಿ, ಆಡ್ವಾಣಿ, ಶ್ಯಾಮನಂದನ ಮಿಶ್ರ, ಮಧು ದಂಡವತೆ ಇದ್ದರು. ಪಕ್ಷಾಂತರ ತಡೆ ಮಸೂದೆಯ ಸಂಸದೀಯ ಸಮಿತಿಯ ಸಭೆಗಾಗಿ ಬಂದಿದ್ದವರು ಅವರು. ಶಾಸಕರ ಭವನದಿಂದ ಕರೆದೊಯ್ದು ಈಗ ಫ್ರೀಡಂ ಪಾರ್ಕ್ ಆಗಿರುವ ಅಂದಿನ ಕೇಂದ್ರ ಕಾರಾಗೃಹದಲ್ಲಿ ಇಟ್ಟರು. ಮರುದಿನವೇ ರಾಷ್ಟ್ರಪತಿಗಳ ಆದೇಶ ಹೊರಟಿತು. ಸಂವಿಧಾನದ 14, 21, 22ನೇ ವಿಧಿಗಳ ಹಕ್ಕಿಗಾಗಿ ಯಾರೂ ಕೋರ್ಟಿನ ಮೆಟ್ಟಿಲು ಹತ್ತುವಂತಿಲ್ಲ. ಟೇಕ್ ಚಂದ್ ಹೆದರಿದ್ದಕ್ಕಿಂತ ಇದು ಘೋರ. ಅಪವಾದಗಳಷ್ಟೇ ಅಲ್ಲ, ಇಡೀ 22ನೇ ವಿಧಿಯೇ ಅಮಾನತಿನಲ್ಲಿತ್ತು.

ಸೆರೆಯಲ್ಲಿದ್ದ ನಾಲ್ವರೂ ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ವ್ಯಕ್ತಿಯನ್ನು ಯಾವ ಅಧಿಕಾರದಿಂದ ಹಿಡಿದಿಟ್ಟಿದ್ದೀರಿ, ತಂದು ತೋರಿಸಿ ಎಂದು ಕೇಳುವ ಅರ್ಜಿ ಅದು. ಕೇಂದ್ರದಲ್ಲಿ ಮಂತ್ರಿಯೂ ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯೂ ಆಗಿದ್ದ ಎಂ.ಸಿ. ಛಾಗ್ಲಾ ಈ ನಾಲ್ವರ ಪರ ವಾದಿಸಲು ಬೆಂಗಳೂರಿಗೆ ಬಂದರು. ಬೆಂಗಳೂರಿನ ಎಂ. ರಾಮಾ ಜೋಯಿಸರೂ ಈ ಕಾನೂನು ಹೋರಾಟದಲ್ಲಿದ್ದರು. ಮುಂದೆ ಅವರನ್ನೇ ಬಂಧಿಸಿ ಅದೇ ಜೈಲಿನಲ್ಲಿಟ್ಟರು. ವಕೀಲನನ್ನೇ ಒಳಗೆ ಹಾಕಿದ ಮೇಲೆ ವಕೀಲರ ನೆರವಿನ ಹಕ್ಕು ಎಲ್ಲುಳಿಯಿತು?

ಅರ್ಜಿ ವಿಚಾರಣೆಗೆ ಯೋಗ್ಯ ಎಂದು ಎತ್ತಿ ಹಿಡಿದ ಒಂಬತ್ತು ಹೈಕೋರ್ಟುಗಳಲ್ಲಿ ನಮ್ಮ ಹೈಕೋರ್ಟೂ ಒಂದು. ಇದನ್ನು ಕನ್ನಡಿಗರು ಇನ್ನಷ್ಟು ಅಭಿಮಾನದಿಂದ ನೆನೆಯಬೇಕೆಂದು ನನ್ನ ಆಸೆ. ಸರ್ಕಾರ ಇವೆಲ್ಲದರ ವಿರುದ್ಧ ಮೇಲ್ಮನವಿ ಹೋಯಿತು. ಜಬಲ್ಪುರ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಟಾರ್ನಿ ಜನರಲರನ್ನು ಕೇಳಿದರು: ಪೊಲೀಸ್ ಅಧಿಕಾರಿಯೊಬ್ಬ ವೈಯಕ್ತಿಕ ದ್ವೇಷದಿಂದ ಯಾರನ್ನಾದರೂ ಕೊಂದರೆ ಆಗಲೂ ಪರಿಹಾರವಿಲ್ಲವೇ? ತುರ್ತು ಪರಿಸ್ಥಿತಿ ಇರುವತನಕ ಇಲ್ಲ ಎಂಬ ಅರ್ಥದ ಉತ್ತರ ಬಂತು. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರ ನಿಂತರು. ಭಿನ್ನಮತ ಖನ್ನಾ ಅವರೊಬ್ಬರದೇ. ಮುಂದಿನ ಜನವರಿಯಲ್ಲಿ ಸೇವಾ ಹಿರಿತನವಿದ್ದರೂ ಅವರಿಗೆ ಮುಖ್ಯ ನ್ಯಾಯಮೂರ್ತಿ ಸ್ಥಾನ ತಪ್ಪಿತು. ಅವರು ರಾಜೀನಾಮೆ ಕೊಟ್ಟು ಹೊರನಡೆದರು.

ತೀರ್ಪು ಬಂದ ದಿನಾಂಕ ಏಪ್ರಿಲ್ 28. ಲಾರೆನ್ಸ್ ಮನೆಯ ಬಾಗಿಲು ಬಡಿದದ್ದು ಮೇ 1. ನಡುವೆ ಮೂರೇ ದಿನ.

ಮೇ 2ರಂದು ಸ್ನೇಹಲತಾ ರೆಡ್ಡಿ ಅವರನ್ನೂ ಬಂಧಿಸಿದರು. 'ಸಂಸ್ಕಾರ' ಸಿನಿಮಾದ ಚಂದ್ರಿಯನ್ನು ಮರೆತ ಕನ್ನಡಿಗರುಂಟೇ? ಜಾರ್ಜ್ ಅವರ ಸ್ನೇಹ ಬಳಗದವರು ಎಂಬುದೇ ಅವರ ಮೇಲಿನ ಗುಮಾನಿ. ಜಾರ್ಜ್ ಅವರ ಮೇಲೆ ಹೂಡಿದ ಬರೋಡಾ ಡೈನಮೈಟ್ ಪ್ರಕರಣದ ದೋಷಾರೋಪ ಪಟ್ಟಿ ಕೊನೆಗೆ ಸಿದ್ಧವಾದಾಗ ಅದರಲ್ಲಿ ಅವರ ಹೆಸರಿರಲಿಲ್ಲ. ಆದರೂ ಬಿಡಲಿಲ್ಲ. ತೀವ್ರ ಆಸ್ತಮಾ ಇದ್ದ ಆ ಹೆಣ್ಣುಮಗಳು ಜೈಲಿನ ಕೋಣೆಯಲ್ಲಿ ಉಸಿರಿಗಾಗಿ ಒದ್ದಾಡುತ್ತ ತಿಂಗಳುಗಳನ್ನು ಕಳೆದರು. 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಂದರು, ಜನವರಿ 20ರಂದು ತೀರಿಕೊಂಡರು. ಅವರ ಮೇಲೆ ಯಾವ ಅಪರಾಧವೂ ಸಾಬೀತಾಗಿರಲಿಲ್ಲ; ಸಾಬೀತುಪಡಿಸುವ ಪ್ರಯತ್ನವೂ ನಡೆದಿರಲಿಲ್ಲ.

ಕೇರಳದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿ ರಾಜನ್‌ನನ್ನು 1976ರ ಮಾರ್ಚ್ 1ರಂದು ಕಲ್ಲಿಕೋಟೆಯ ಕಾಲೇಜಿನಿಂದ ಹಿಡಿದೊಯ್ದರು. ಕಾಗದದಲ್ಲಿ ಅವನ ಬಂಧನವೇ ಇಲ್ಲ. ತಂದೆ ಈಚರ ವಾರಿಯರ್ ತುರ್ತು ಪರಿಸ್ಥಿತಿ ಮುಗಿದೊಡನೆ ಹೈಕೋರ್ಟಿಗೆ ಹೋದರು. ಹುಡುಗನನ್ನು ಬಂಧಿಸಿಯೇ ಇರಲಿಲ್ಲ ಎಂದು ಹೇಳಿದ್ದ ಸರ್ಕಾರದ ಮಾತು ಸುಳ್ಳೆಂದು ಬಯಲಾಗಿ, ಮುಖ್ಯಮಂತ್ರಿಯಾಗಿ ಸುಮಾರು ಒಂದು ತಿಂಗಳಷ್ಟೇ ಕಳೆದಿದ್ದ ಕರುಣಾಕರನ್ ಅಧಿಕಾರ ಬಿಡಬೇಕಾಯಿತು. ರಾಜನ್ ಮಾತ್ರ ಮರಳಿ ಬರಲಿಲ್ಲ, ಅವನ ಮೃತದೇಹವೂ ಸಿಗಲಿಲ್ಲ.

ಇಷ್ಟು ನೋವುಂಡ ಮೇಲೆ ದೇಶದ ಕಾನೂನು ಮಗ್ಗುಲು ಬದಲಿಸಿತು. 1978ರ ಜನವರಿಯಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಾನೂನಿನ ಕ್ರಮ ನ್ಯಾಯಯುತವೂ ವಿವೇಚನೆಯುಳ್ಳದ್ದೂ ಆಗಿರಲೇಬೇಕು ಎಂದಿತು. ಬೆನಗಲ್ ರಾಯರು ತೆಗೆಸಿದ್ದ ಮಾತಿನ ಅರ್ಥ ಮೂವತ್ತು ವರ್ಷದ ನಂತರ ಹಿತ್ತಿಲ ಬಾಗಿಲಿನಿಂದ ಮನೆಗೆ ಮರಳಿತು. ಅದೇ ವರ್ಷದ 44ನೇ ತಿದ್ದುಪಡಿ, ಯಾವ ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳ ಹಕ್ಕನ್ನು ಅಮಾನತಿನಲ್ಲಿಡಲಾಗದಂತೆ ಮಾಡಿತು. ಜಬಲ್ಪುರ ತೀರ್ಪನ್ನು ಕೋರ್ಟು ವಿಧಿವತ್ತಾಗಿ ತಳ್ಳಿಹಾಕಿದ್ದು ಮಾತ್ರ 2017ರಲ್ಲಿ, ಖಾಸಗಿತನದ ಹಕ್ಕಿನ ಮೊಕದ್ದಮೆಯಲ್ಲಿ. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಆದರೆ ಠಾಣೆಯ ಒಳಗೆ? ತುರ್ತು ಪರಿಸ್ಥಿತಿ ರಾಜಕಾರಣಿಗಳಿಗೆ ಬಂದು ಹೋದ ಇಪ್ಪತ್ತೊಂದು ತಿಂಗಳ ಮಾತು. ಬಡವರಿಗೆ ಅದು ಹಿಂದೆಯೂ ಇತ್ತು, ಮುಂದೆಯೂ ಇತ್ತು. ಬಿಹಾರದ ಭಾಗಲ್ಪುರದಲ್ಲಿ ಪೊಲೀಸರು ಮೂವತ್ತಕ್ಕೂ ಹೆಚ್ಚು ಬಂಧಿತರ ಕಣ್ಣುಗಳನ್ನು ಚುಚ್ಚಿ ಆಸಿಡ್ ಸುರಿದದ್ದು 1980ರಲ್ಲಿ ಬೆಳಕಿಗೆ ಬಂತು. ಜಬಲ್ಪುರ ತೀರ್ಪಿನಲ್ಲಿ ಸರ್ಕಾರದ ಪರ ನಿಂತಿದ್ದ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರೇ ಇಲ್ಲಿ ವಿಚಾರಣೆ ನಡೆಸಿದರು. ಕೆಲವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತಂದಿರಲೇ ಇಲ್ಲ. ವಕೀಲರೂ ಇರಲಿಲ್ಲ, ಬೇಕೇ ಎಂದು ಯಾರೂ ಕೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಕೇಳಬಹುದೆಂದು ಗೊತ್ತಿದ್ದರಲ್ಲವೇ ಕೇಳುವುದು? ಬಡ ಆರೋಪಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆಂದು ಮೊದಲ ದಿನವೇ ತಿಳಿಸುವುದು ಮ್ಯಾಜಿಸ್ಟ್ರೇಟರ ಹೊಣೆ ಎಂದು ಕೋರ್ಟು ವಿಧಿಸಿತು. ಅದಕ್ಕೂ ಮೊದಲು 1978ರಲ್ಲಿ ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ತನ್ನನ್ನೇ ತಪ್ಪಿತಸ್ಥನನ್ನಾಗಿಸುವ ಪ್ರಶ್ನೆಗೆ ಉತ್ತರಿಸದಿರುವ ಹಕ್ಕು ಠಾಣೆಯ ವಿಚಾರಣೆಯಲ್ಲೂ ಇದೆ ಎಂದಿದ್ದರು.

ಕೈಯ ಗಳಿಗೆಯನ್ನೂ ಕಾಗದದ ಗಳಿಗೆಯನ್ನೂ ಒಂದುಗೂಡಿಸಿದ್ದು ಒಂದು ಪತ್ರ. 1986ರ ಆಗಸ್ಟ್ 26ರಂದು ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಕಾರ್ಯಾಧ್ಯಕ್ಷ ಡಿ.ಕೆ. ಬಸು, ಭಾರತದ ಮುಖ್ಯ ನ್ಯಾಯಮೂರ್ತಿಗೆ ಕಾಗದ ಬರೆದರು. ಲಾಕಪ್ ಸಾವುಗಳ ಬಗ್ಗೆ ಆ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಪತ್ರಿಕೆಗಳಲ್ಲಿ ಬಂದ ಸುದ್ದಿಗಳನ್ನು ಅದಕ್ಕೆ ಲಗತ್ತಿಸಿದ್ದರು. ಕೋರ್ಟು ಆ ಕಾಗದವನ್ನೇ ರಿಟ್ ಅರ್ಜಿಯೆಂದು ತೆಗೆದುಕೊಂಡಿತು. ತೀರ್ಪಿಗೆ ಹತ್ತು ವರ್ಷ ಹಿಡಿಯಿತು. ಆ ಹತ್ತು ವರ್ಷಗಳಲ್ಲಿ ಇನ್ನೆರಡು ಮೊಕದ್ದಮೆಗಳು ದಾರಿ ಸಮ ಮಾಡಿದವು. ಒಡಿಶಾದ ನೀಲಬತಿ ಬೆಹೆರಾ ಎಂಬ ತಾಯಿಯ 22 ವರ್ಷದ ಮಗ ಠಾಣೆಗೆ ಹೋದ ಮರುದಿನ ರೈಲು ಹಳಿಯ ಮೇಲೆ ಹೆಣವಾಗಿ ಸಿಕ್ಕಿದ್ದ. ತಪ್ಪಿಸಿಕೊಂಡು ಓಡಿ ರೈಲಿಗೆ ಸಿಕ್ಕನೆಂದರು ಪೊಲೀಸರು. ಆ ತಾಯಿಯ ಪತ್ರವನ್ನೂ ಅರ್ಜಿಯಾಗಿ ಸ್ವೀಕರಿಸಿದ ಕೋರ್ಟು 1993ರಲ್ಲಿ 1,50,000 ರೂಪಾಯಿ ಪರಿಹಾರ ಕೊಡಿಸಿ, ಸಾವಿಗೆ ಸರ್ಕಾರವೇ ಹೊಣೆ ಎಂದಿತು.

ಎರಡನೆಯದನ್ನು ಬರೆದವರು ಬೆಂಗಳೂರಿನವರೇ ಆದ ಮುಖ್ಯ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. 1994ರ ಜನವರಿ 7ರಂದು ಗಾಜಿಯಾಬಾದಿನ ಪೊಲೀಸ್ ಅಧಿಕಾರಿಯೊಬ್ಬರು 28 ವರ್ಷದ ಯುವ ವಕೀಲ ಜೋಗಿಂದರ್ ಕುಮಾರ್ ಅವರನ್ನು ವಿಚಾರಣೆಗೆಂದು ಕರೆಸಿಕೊಂಡರು. ಐದು ದಿನ ಕಳೆದರೂ ಹುಡುಗ ಮನೆಗೆ ಬರಲಿಲ್ಲ. ಕೇಳಿದರೆ ಬಂಧಿಸಿಲ್ಲ, ತನಿಖೆಗೆ ಸಹಕರಿಸುತ್ತಿದ್ದಾನೆ ಎಂಬ ಉತ್ತರ. ಅದೇ ಹಳೆಯ ಸಂದು. ಬಂಧಿಸುವ ಅಧಿಕಾರವಿದೆ ಎಂಬ ಒಂದೇ ಕಾರಣಕ್ಕೆ ಬಂಧಿಸುವಂತಿಲ್ಲ, ಬಂಧಿಸಲೇಬೇಕಾದ ಅಗತ್ಯವನ್ನು ಅಧಿಕಾರಿ ತೋರಿಸಬೇಕು ಎಂದು ವೆಂಕಟಾಚಲಯ್ಯನವರು ಬರೆದರು. ದೇಶದಲ್ಲಿ ನಡೆಯುವ ಬಂಧನಗಳಲ್ಲಿ ಹೆಚ್ಚುಕಡಿಮೆ ಶೇ. 60ರಷ್ಟು ಅನಗತ್ಯ ಅಥವಾ ಅಸಮರ್ಥನೀಯ ಎಂಬ ರಾಷ್ಟ್ರೀಯ ಪೊಲೀಸ್ ಆಯೋಗದ ಮಾತನ್ನು ತೀರ್ಪಿನಲ್ಲಿ ಎತ್ತಿ ಹೇಳಿದರು. ಆ ಆಯೋಗದ ಅಧ್ಯಕ್ಷ ಧರ್ಮವೀರ ಹಿಂದೆ ನಮ್ಮ ರಾಜ್ಯದ ರಾಜ್ಯಪಾಲರಾಗಿದ್ದವರು.

1996ರ ಡಿಸೆಂಬರ್ 18ರಂದು ಬಸು ಪತ್ರಕ್ಕೆ ಉತ್ತರ ಬಂತು. ಅದನ್ನು ಬರೆದ ನ್ಯಾಯಮೂರ್ತಿ ಎ.ಎಸ್. ಆನಂದ್ ಈ ಹಿಂದಿನ ಎರಡೂ ಪೀಠಗಳಲ್ಲಿ ಕುಳಿತಿದ್ದವರು. ಹನ್ನೊಂದು ಸೂಚನೆಗಳಿದ್ದವು. ಅವುಗಳಲ್ಲಿ ದೊಡ್ಡ ದೊಡ್ಡ ತತ್ವಗಳನ್ನು ಹುಡುಕಿದರೆ ಸಿಗುವುದಿಲ್ಲ. ಎಲ್ಲವೂ ಕಾಗದ, ಸಹಿ, ಗಂಟೆ, ಹೆಸರಿನ ವಿಷಯ. ಆನಂದರ ದೊಡ್ಡತನ ಇರುವುದೂ ಅಲ್ಲೇ ಎಂದು ನನಗೆ ತೋರುತ್ತದೆ. ಬಂಧಿಸಲು ಬರುವ ಪೊಲೀಸರು ಹೆಸರು, ಹುದ್ದೆ ಕಾಣುವಂತೆ ಪಟ್ಟಿ ಧರಿಸಿರಬೇಕು. ಬಂಧಿಸಿದ ಹೊತ್ತಿಗೇ ದಿನಾಂಕ, ವೇಳೆ ಬರೆದ ಬಂಧನ ಪತ್ರ ಸಿದ್ಧಪಡಿಸಬೇಕು. ಮನೆಯವರೋ ಆ ಬೀದಿಯ ಗಣ್ಯರೋ ಒಬ್ಬರಾದರೂ ಅದಕ್ಕೆ ಸಾಕ್ಷಿ ಹಾಕಬೇಕು, ಬಂಧಿತನೂ ಸಹಿ ಮಾಡಬೇಕು. ಅವನು ಹೇಳಿದ ಒಬ್ಬ ನೆಂಟನಿಗೋ ಗೆಳೆಯನಿಗೋ ಸುದ್ದಿ ಮುಟ್ಟಿಸಬೇಕು. ಮುಟ್ಟಿಸಿದ್ದನ್ನೂ ಠಾಣಾ ದಿನಚರಿಯಲ್ಲಿ ಬರೆಯಬೇಕು. ಅವನು ಕೇಳಿದರೆ ಮೈಮೇಲಿನ ಗಾಯಗಳನ್ನು ನೋಡಿ ಬರೆದು, ಪೊಲೀಸ್ ಅಧಿಕಾರಿಯೂ ಬಂಧಿತನೂ ಇಬ್ಬರೂ ರುಜು ಹಾಕಿ, ಒಂದು ಪ್ರತಿ ಅವನಿಗೆ ಕೊಡಬೇಕು. 48 ಗಂಟೆಗೊಮ್ಮೆ ವೈದ್ಯರು ಪರೀಕ್ಷಿಸಬೇಕು. ವಿಚಾರಣೆಯ ನಡುವೆ ವಕೀಲರನ್ನು ಕಾಣಲು ಬಿಡಬೇಕು. ಇದನ್ನು ಮೀರಿದ ಅಧಿಕಾರಿ ಇಲಾಖಾ ಕ್ರಮಕ್ಕಷ್ಟೇ ಅಲ್ಲ, ನ್ಯಾಯಾಂಗ ನಿಂದನೆಗೂ ಗುರಿ.

ಬೇರೆ ಊರಿನ ನೆಂಟರಿಗೆ 8ರಿಂದ 12 ಗಂಟೆಯೊಳಗೆ ತಂತಿ ಕಳಿಸಬೇಕು ಎಂದೂ ಆ ಸೂಚನೆಗಳಲ್ಲಿತ್ತು. 2013ರ ಜುಲೈಯಲ್ಲಿ ತಂತಿ ಸೇವೆಯೇ ನಿಂತುಹೋಯಿತು. ಸುದ್ದಿ ಮುಟ್ಟಿಸುವ ಹೊಣೆ ನಿಂತಿಲ್ಲ.

ಮುಂದೆ ಸಂಸತ್ತು ಇವುಗಳಲ್ಲಿ ಬಹುಪಾಲನ್ನು ಕಾಯ್ದೆಯೊಳಗೆ ಸೇರಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಬಂಧನ ಪತ್ರ 36ನೇ ಕಲಂ, ವಕೀಲರ ಭೇಟಿ 38, ಕಾರಣ ತಿಳಿಸುವುದು 47, ಮನೆಯವರಿಗೆ ತಿಳಿಸುವುದು 48, ವೈದ್ಯಕೀಯ ಪರೀಕ್ಷೆ 53, ಹಳೆಯ 24 ಗಂಟೆ 58. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಣ್ಣುಮಕ್ಕಳನ್ನು ಬಂಧಿಸಬಾರದು. ಅಸಾಧಾರಣ ಸಂದರ್ಭವಾದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಕಣ್ಣುಮುಚ್ಚಿ ಬಂಧಿಸುವಂತಿಲ್ಲ ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ಬಿಗಿ ಮಾಡಿತು. ಬಂಧನದ ಅಗತ್ಯವಿಲ್ಲದ ಕಡೆ ನೋಟಿಸು ಕೊಟ್ಟು ಕರೆಸಬೇಕು. ಇತ್ತ ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ, ಕೋಳ ತೊಡಿಸಿ ಬೀದಿಯಲ್ಲಿ ನಡೆಸಿದ ಕಾನೂನು ವಿದ್ಯಾರ್ಥಿಯೊಬ್ಬನಿಗೆ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

ಹಾಗೆಂದು ಎಲ್ಲ ಸರಿಹೋಯಿತೆ? ಹೊಸ ಸಂಹಿತೆಯಲ್ಲಿ ಆತಂಕಪಡಬೇಕಾದದ್ದೂ ಇದೆ. ಹಿಂದೆ ಬಂಧನದ ಮೊದಲ 15 ದಿನಗಳಲ್ಲೇ ಮುಗಿಯಬೇಕಿದ್ದ ಪೊಲೀಸ್ ಕಸ್ಟಡಿಯನ್ನು ಈಗ ತುಂಡುತುಂಡಾಗಿ 40 ಅಥವಾ 60 ದಿನಗಳ ಅವಧಿಯೊಳಗೆ ಹರಡಿ ಕೇಳಬಹುದು. ಜೈಲಿಗೆ ಹೋದವನನ್ನು ಮತ್ತೆ ಠಾಣೆಗೆ ಎಳೆದು ತರಲು ಇದು ದಾರಿ. ಇನ್ನು 'ಸುಮ್ಮನೆ ವಿಚಾರಣೆಗೆ ಬಾ' ಎಂಬ ಮಾತು ಎಲ್ಲ ಊರಿನ ಠಾಣೆಗಳಲ್ಲೂ ಬದುಕಿದೆ.

ಕಡೆಯ ಕೊಂಡಿ ಕಾರಣದ್ದು. ಬಂಧನದ ಕಾರಣವನ್ನು ಬಾಯಲ್ಲಿ ಹೇಳಿದರಾಯಿತು ಎಂದು ತನಿಖಾ ಸಂಸ್ಥೆಗಳು ಬಹುಕಾಲ ವಾದಿಸುತ್ತಿದ್ದವು. ಹಣ ಅಕ್ರಮ ವರ್ಗಾವಣೆಯ ಪ್ರಕರಣಗಳಿಗೆ 2023ರಲ್ಲಿ, ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ (ಯುಎಪಿಎ) ಪ್ರಕರಣಗಳಿಗೆ 2024ರಲ್ಲಿ ಸುಪ್ರೀಂ ಕೋರ್ಟು ಲಿಖಿತವಾಗಿಯೇ ಕೊಡಬೇಕು ಎಂದಿತು. 2025ರ ಫೆಬ್ರವರಿಯ ವಿಹಾನ್ ಕುಮಾರ್ ತೀರ್ಪಿನಲ್ಲಿ, ಕಾರಣ ತಿಳಿಸದ ಬಂಧನ ಅಕ್ರಮವೆಂದು ಸಾರಿತು. ಅದೇ ವರ್ಷದ ನವೆಂಬರ್ 6ರಂದು ಇನ್ನೊಂದು ಹೆಜ್ಜೆ ಮುಂದಿಟ್ಟಿತು: ಯಾವುದೇ ಅಪರಾಧವಿರಲಿ, ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು. ಆ ಕ್ಷಣದಲ್ಲಿ ಬರೆಯಲು ಸಾಧ್ಯವಾಗದಿದ್ದರೆ ಬಾಯಲ್ಲಿ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲು ಬರಹದಲ್ಲಿ ಕೊಡಬೇಕು. ಬೀದರಿನ ಕೂಲಿಯೋ ಕೋಲಾರದ ಆಟೋ ಚಾಲಕನೋ ಇಂದು ತನ್ನ ಬಂಧನದ ಕಾರಣವನ್ನು ಕನ್ನಡದಲ್ಲಿ ಬರೆದು ಕೊಡಿ ಎಂದು ಕೇಳಿದರೆ ಅದು ಬೇಡಿಕೆಯಲ್ಲ, ಹಕ್ಕು.

ಓದುಗರಲ್ಲಿ ಒಂದು ಮಾತು. ನಿಮ್ಮ ಮನೆಯ, ನಿಮ್ಮ ಬೀದಿಯ ಯಾರನ್ನಾದರೂ ಪೊಲೀಸರು ಕರೆದೊಯ್ಯಲು ಬಂದರೆ ಹೆದರಿ ಬಾಗಿಲು ಹಾಕಿಕೊಳ್ಳಬೇಡಿ, ಜಗಳಕ್ಕೂ ನಿಲ್ಲಬೇಡಿ. ಬಂದವರ ಎದೆಯ ಮೇಲಿನ ಹೆಸರನ್ನು ಓದಿ. ಯಾವ ಠಾಣೆಗೆ ಎಂದು ಕೇಳಿ. ವಕೀಲರನ್ನು ಇಡಲು ಹಣವಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ. ಬಂಧನ ಪತ್ರಕ್ಕೆ ಸಾಕ್ಷಿ ಸಹಿ ಕೇಳಿದರೆ ಹಿಂಜರಿಯದೆ ಹಾಕಿ. ಹಾಕುವ ಮೊದಲು ಗೋಡೆ ಗಡಿಯಾರ ನೋಡಿ, ಅಲ್ಲಿರುವ ಗಂಟೆಯೂ ಕಾಗದದ ಗಂಟೆಯೂ ಒಂದೇ ಇದೆಯೇ ಎಂದು ಗಮನಿಸಿ. ಬೇರೆ ಇದ್ದರೆ, ನಿಮ್ಮ ಸಹಿಯ ಕೆಳಗೆ ನಿಜವಾದ ವೇಳೆಯನ್ನು ನಿಮ್ಮ ಕೈಯಾರೆ ಬರೆಯಿರಿ.